ಕುಂಟುವ ಇಂಜಿನ್ನೂ ಕ್ಯಾಲೆಂಡರಿನ ಚುಕ್ಕೆಗಳೂ

ಓದುವವರಲ್ಲಿ ಮೊದಲಿಗೇ ಒಂದು ಅರಿಕೆ. ನಾನು ನಾಲ್ಕನೆಯ ತರಗತಿಯ ತನಕ ಮಾತ್ರ ಸಾಲೆಗೆ ಹೋದವಳು. ನನ್ನ ಅಕ್ಷರಗಳು ಗೆರೆಯ ಮೇಲೆ ನಿಲ್ಲುವುದಿಲ್ಲ. ನನ್ನ ಮಾತುಗಳಂತೂ ಬಾಯಿಯ ತನಕ ಬಂದು, ಜನರನ್ನು ಕಂಡೊಡನೆ ಹಿಂದಕ್ಕೆ ಸರಿದುಬಿಡುತ್ತವೆ. ಕಾಗದದ ಮೇಲಾದರೂ ಎದುರಿಗೆ ಯಾರೂ ಇರುವುದಿಲ್ಲವೆಂಬ ಧೈರ್ಯದಿಂದ ಬರೆಯಲು ಕುಳಿತಿದ್ದೇನೆ.

ಗಾಡಿ ಇರುವವರ ಮನೆಯಲ್ಲಿ ನಾನು ಈಗ ಹೇಳುವಂತಹ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಮನುಷ್ಯನಿಗೆ ಜ್ವರ ಬಂದರೆ ನಾವು ವೈದ್ಯರನ್ನು ಹುಡುಕಿಕೊಂಡು ಹೋಗಬೇಕು. ಗಾಡಿಗೆ ಕೆಮ್ಮು ಬಂದರೆ ವೈದ್ಯರೇ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ನಾವು ಕುರುಗೋಡಿನವರು. ನಮ್ಮ ಓಣಿಯ ಐದು ಜನ ಹೆಂಗಸರು ಕೂಡಿ ಜೋಳದ ರೊಟ್ಟಿ ಬಡಿಯುತ್ತೇವೆ. ಅದನ್ನು ಬಳ್ಳಾರಿಯ ಒಂದು ಖಾನಾವಳಿಗೆ ಮುಟ್ಟಿಸುವುದು ನನ್ನ ಕೆಲಸ. ಅದಕ್ಕೆಂದು ಒಂದು ಹಳೆಯ ಪೆಟ್ರೋಲ್ ವ್ಯಾನ್ ಇದೆ. ಮೊದಲು ನಮ್ಮ ಯಜಮಾನರೇ ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲು ಜೋಮು ಹಿಡಿಯಿತು. ಬ್ರೇಕ್ ಒತ್ತಿದೆನೋ ಇಲ್ಲವೋ ಎಂಬುದು ಆ ಕಾಲಿಗೇ ತಿಳಿಯದಂತಾಯಿತು. ಅವರು ಪಕ್ಕದ ಸೀಟಿಗೆ ಸರಿದರು, ನಾನು ಸ್ಟೀರಿಂಗ್ ಹಿಡಿದೆ. ನಾಲ್ಕು ಜನರ ಮುಂದೆ ತಲೆ ಎತ್ತದ ನಾನು ಗಾಡಿ ಓಡಿಸುವಾಗ ಮಾತ್ರ ತಲೆ ಎತ್ತುತ್ತೇನೆ. ಎತ್ತದಿದ್ದರೆ ರಸ್ತೆ ಕಾಣುವುದಿಲ್ಲವಲ್ಲ.

೧. ಕಳ್ಳ ಬಂಕುಗಳು

ಒಂದು ದಿನ ಬಳ್ಳಾರಿಯಿಂದ ಮರಳುವಾಗ ಕೋಳೂರಿನ ಹತ್ತಿರ ಗಾಡಿ ಕುಂಟಲಾರಂಭಿಸಿತು. ನಮ್ಮ ಇಂಜಿನ್ನಿಗೆ ಮೂರು ಸಿಲಿಂಡರುಗಳು. ಮೂವರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕುವಾಗ ಒಬ್ಬಳು ಕೈಬಿಟ್ಟರೆ ಸದ್ದು ಹೇಗೆ ಮುಗ್ಗರಿಸುತ್ತದೆಯೋ, ಹಾಗೆ ಮುಗ್ಗರಿಸುತ್ತಿತ್ತು. ಇದಕ್ಕೆ ನಮ್ಮ ಕಡೆ ‘ಮಿಸ್ಸಿಂಗ್ ಹೊಡೆಯುವುದು’ ಎನ್ನುತ್ತಾರೆ.

ಪಕ್ಕದಲ್ಲಿದ್ದ ಯಜಮಾನರು ಕ್ಷಣವೂ ಯೋಚಿಸಲಿಲ್ಲ.

“ಪೆಟ್ರೋಲ್ ಕಲಬೆರಕಿ ಐತಿ. ಆ ಬಂಕಿನವನು ಕಳ್ಳ.”

ಟ್ಯಾಂಕನ್ನು ಬರಿದು ಮಾಡಿಸಿ ಬೇರೊಂದು ಬಂಕಿನಲ್ಲಿ ಹಾಕಿಸಿದೆವು. ಮರುದಿನ ಬೆಳಿಗ್ಗೆ ಗಾಡಿ ಚೆನ್ನಾಗಿ ಓಡಿತು. “ನೋಡಿದೇನು? ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡದಾಂವ ನಾ,” ಎಂದರು. ಮೂರು ದಿನಗಳಾದ ಮೇಲೆ ಮತ್ತೆ ಕುಂಟಿತು.

“ಈ ಬಂಕಿನವನೂ ಕಳ್ಳನ.”

ಹೀಗೆ ಒಂದು ತಿಂಗಳಿನೊಳಗೆ ಕುರುಗೋಡಿನಿಂದ ಬಳ್ಳಾರಿಯ ತನಕ ಇರುವ ಬಂಕುಗಳೆಲ್ಲವೂ ಕಳ್ಳರ ಪಟ್ಟಿಗೆ ಸೇರಿದವು. ಒಂದೂ ಉಳಿಯಲಿಲ್ಲ. ನಾನು ಮೆಲ್ಲಗೆ, “ಮುಂದ ಎಲ್ಲಿ ಹಾಕಸೋದ್ರಿ?” ಎಂದು ಕೇಳಿದೆ.

ಅವರು ಗಂಭೀರವಾಗಿ, “ನಮ್ಮ ಹಿತ್ತಲದಾಗ ಬೋರ್ ಹಾಕಿಸಿ ನೋಡೋಣಂತ,” ಎಂದರು.

೨. ಕೈಯಿಂದ ಕೇಳುವ ಮೆಕ್ಯಾನಿಕ್

ಬಳ್ಳಾರಿಯಲ್ಲಿ ಯಜಮಾನರ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾನೆ. ನಮ್ಮ ವ್ಯಾನಿನಲ್ಲಿ ಇಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿದರೆ ಕಾಣಿಸುತ್ತದೆ. ಆತ ಸೀಟು ಎತ್ತಿ, ಇಂಜಿನ್ನಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿಕೊಂಡು ನಿಂತನು.

“ಪ್ಲಗ್ ಹೋಗ್ಯಾವ್ರಿ.”

“ಹೆಂಗ ತಿಳೀತು?” ಎಂದರು ಯಜಮಾನರು.

“ಕೈ ಹೇಳತೈತ್ರಿ.”

ಮೂರು ಪ್ಲಗ್ ಬದಲಾಯಿಸಿ, ಎಲ್ಲವನ್ನೂ ಬಟ್ಟೆಯಿಂದ ಒರೆಸಿ, ಸೀಟು ಮುಚ್ಚಿದನು. ಗಾಡಿ ಹೂವಿನಂತೆ ಓಡಿತು. ಮೂರು ದಿನಗಳ ಮೇಲೆ ಕುಂಟಿತು. ಮತ್ತೆ ಹೋದೆವು. ಮತ್ತೆ ಅಂಗೈ, ಮತ್ತೆ ಕಣ್ಣು ಮುಚ್ಚುವಿಕೆ.

“ಕಾಯಿಲ್ ಹೋಗೇತ್ರಿ.”

“ಮೊನ್ನೆ ನಿನ್ನ ಕೈ ಪ್ಲಗ್ ಅಂದಿತ್ತಲ್ಲಪಾ?”

“ಮೊನ್ನೆ ಎಡಗೈ ಇಟ್ಟಿದ್ದೆರಿ.”

ಕಾಯಿಲ್ ಬದಲಾಯಿತು. ಆಮೇಲೆ ಕಾರ್ಬೊರೇಟರ್ ಬಿಚ್ಚಿ ತೊಳೆದು ಅದರ ಒಳಗಿನ ಸಾಮಾನು ಬದಲಿಸಿದ. ಆಮೇಲೆ ಯಾವುದೋ ಮುಚ್ಚಳ. ಪ್ರತಿ ಸಲವೂ ಎರಡು ಮೂರು ದಿನ ಹೂವಿನ ಓಟ, ಆಮೇಲೆ ಕುಂಟು. ತೆಗೆದುಹಾಕಿದ ಸಾಮಾನುಗಳನ್ನು ಬಿಸಾಡಲು ಮನಸ್ಸು ಬಾರದೆ ನಾನು ಅವನ್ನೆಲ್ಲ ಒಂದು ಹಳೆಯ ರೊಟ್ಟಿ ಡಬ್ಬಿಯಲ್ಲಿ ತುಂಬಿಟ್ಟೆ. ಡಬ್ಬಿ ತುಂಬಿ ಇನ್ನೊಂದು ಡಬ್ಬಿಗೆ ಬಂದಿತು.

ನಮ್ಮ ಅತ್ತೆಯವರು ಒಂದು ಮಧ್ಯಾಹ್ನ ಎರಡೂ ಡಬ್ಬಿಗಳ ಮುಚ್ಚಳ ತೆಗೆದು ನೋಡಿ ಬಹಳ ಸಂತೋಷಪಟ್ಟರು.

“ಇನ್ನ ನಾಕು ಸಾಮಾನು ಬಂದ್ರ ಇನ್ನೊಂದು ಗಾಡೀನ ಆಗತೈತಲ್ಲವಾ. ಅದನ್ನ ನಾ ಓಡಸ್ತೀನಿ.”

೩. ಸಿರುಗುಪ್ಪದ ಕಳವು

ನಮ್ಮ ಮೈದುನ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಡೀಸೆಲ್ ಇಂಜಿನ್ ನೋಡಿಕೊಳ್ಳುತ್ತಾನೆ. “ಅವನಿಗೆ ತೋರಿಸಿದ್ರ ಐದು ನಿಮಿಷದ ಕೆಲಸ,” ಎಂದರು ಯಜಮಾನರು. ಒಂದು ಗುರುವಾರ ಖಾನಾವಳಿಗೆ ರೊಟ್ಟಿ ಮುಟ್ಟಿಸಿ, ಬಳ್ಳಾರಿಯಿಂದ ನೇರವಾಗಿ ಸಿರುಗುಪ್ಪಕ್ಕೆ ಹೊರಟೆವು. ಹಾದಿಯುದ್ದಕ್ಕೂ ಗಾಡಿ ಮುಗ್ಗರಿಸಿತು. ಒಂದು ಕಡೆ ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರು ನಮ್ಮನ್ನು ಹಿಂದಿಕ್ಕಿ ಹೋಯಿತು. ಅದರ ಚಾಲಕನು ತೆಲುಗಿನಲ್ಲಿ, “ಏಮಮ್ಮಾ, ಬಂಡಿ ದಗ್ಗುತೋಂದಾ?” ಎಂದು ಗಾಡಿಯ ಕೆಮ್ಮಿನ ಬಗ್ಗೆ ವಿಚಾರಿಸಿದ. ನಾನು ತಲೆ ತಗ್ಗಿಸಲಿಲ್ಲ. ಮೊದಲೇ ಹೇಳಿದ ಕಾರಣಕ್ಕಾಗಿ.

ಗಿರಣಿಯ ಮುಂದೆ ನಿಲ್ಲಿಸಿದೊಡನೆ ನಾನು ನೀರು ಕುಡಿಯಲು ಒಳಗೆ ಹೋದೆ. ಬರುವಷ್ಟರಲ್ಲಿ ಯಜಮಾನರೇ ಮುಂದಾಗಿ ಸೀಟು ಎತ್ತಿಕೊಟ್ಟಿದ್ದರು. ಮೈದುನ ತಲೆಯನ್ನು ಇಂಜಿನ್ನಿನೊಳಗೆ ತೂರಿಸಿದ್ದ.

“ವೈನಿ, ಇದರ ನಾಝಲ್ ಎಲ್ಲೈತಿ?”

ನಾಝಲ್ ಎಂಬುದು ಡೀಸೆಲ್ ಇಂಜಿನ್ನಿನಲ್ಲಿ ಎಣ್ಣೆಯನ್ನು ಚಿಮುಕಿಸುವ ಸಾಮಾನು. ನಮ್ಮ ಹಳೆಯ ಪೆಟ್ರೋಲ್ ಗಾಡಿಯಲ್ಲಿ ಅದು ಇರುವುದೇ ಇಲ್ಲ. ನನಗೆ ಅದು ಗೊತ್ತಿತ್ತು. ಆದರೆ ಗಿರಣಿಯ ಹತ್ತು ಜನ ಗಂಡಸರು ಸುತ್ತ ನಿಂತಿದ್ದರು. ನಾನು ಸೆರಗು ಸರಿಮಾಡಿಕೊಂಡು ಗಾಡಿಯ ಹಿಂದೆ ಸರಿದೆ.

ಒಂದು ಗಂಟೆ ಹುಡುಕಿದ. ಸೀಟಿನ ಕೆಳಗೆ ನೋಡಿದ, ಗಾಡಿಯ ಕೆಳಗೆ ಮಲಗಿ ನೋಡಿದ, ಹಿಂದಿನ ಬಾಗಿಲು ತೆಗೆದು ರೊಟ್ಟಿಯ ಬುಟ್ಟಿಗಳ ಒಳಗೂ ನೋಡಿದ. ಕೊನೆಗೆ ಮೊಣಕೈ ತನಕ ಕರಿ ಮೆತ್ತಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದು ಅಣ್ಣನ ಕಿವಿಯ ಹತ್ತಿರ ಹೇಳಿದ.

“ಅಣ್ಣಾ, ಕಂಪ್ಲೇಂಟ್ ಕೊಡಬೇಕಾಗತೈತಿ. ನಾಝಲ್ ಕಳವಾಗೈತಿ.”

“ಒಂದಾ?”

“ಒಂದಲ್ಲಣ್ಣಾ. ಮೂರಕ್ಕ ಮೂರೂ!”

ನಗಬೇಕಾದ ಹೊತ್ತಿನಲ್ಲಿ ನನ್ನ ಎದೆ ಒಡೆಯುವ ಮಾತೊಂದನ್ನು ಅವನು ಆಡಿದ. ತೌಡಿನ ವ್ಯಾಪಾರಿಯೊಬ್ಬರು ಇಂತಹ ಗಾಡಿಯನ್ನು ಹುಡುಕುತ್ತಿದ್ದಾರಂತೆ. “ಹುಣ್ಣಿಮಿ ದಿನ ಅವರ್ನ ಕುರುಗೋಡಿಗೆ ಕರ್ಕೊಂಡು ಬರ್ತೀನಿ. ಅಷ್ಟರಾಗ ನೆಟ್ಟಗಾದ್ರ ಇಟ್ಕೊರಿ, ಇಲ್ಲಂದ್ರ ಮಾರಿ ಕೈ ತೊಳಕೊಳ್ರಿ. ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗ ಆಗೋದು.” ಯಜಮಾನರು “ಆಗಲಿ” ಎಂದುಬಿಟ್ಟರು.

ಗಾಡಿ ಹೋದರೆ ರೊಟ್ಟಿಯ ಬುಟ್ಟಿಗಳನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಾರದಿದ್ದರೆ ಖಾನಾವಳಿಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಐದು ಮನೆಗಳ ತವೆಗಳು ತಣ್ಣಗಾಗುತ್ತವೆ. ನನ್ನ ಮಟ್ಟಿಗಂತೂ, ತಲೆ ಎತ್ತುವ ಒಂದೇ ಜಾಗ ಕೈತಪ್ಪುತ್ತದೆ. ಹುಣ್ಣಿಮೆಗೆ ಇಪ್ಪತ್ತಮೂರು ದಿನಗಳು ಉಳಿದಿದ್ದವು.

ನಾವು ಹೊರಡುವಾಗ ಮೈದುನ ಕಿಟಕಿಯಲ್ಲಿ ಬಗ್ಗಿ ಎಚ್ಚರಿಸಿದ: “ನಾಝಲ್ ಕಳವಾಗಿದ್ದು ಆ ವ್ಯಾಪಾರಿ ಮುಂದ ಬಾಯಿ ಬಿಡಬ್ಯಾಡ್ರಿ ಮತ್ತ!”

೪. ಏನನ್ನೂ ಬಿಚ್ಚದ ಚಾಚಾ

ಖಾನಾವಳಿಯ ಅಡುಗೆಯಾಕೆ ನನ್ನ ಮುಖ ನೋಡಿ, ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗಾಡಿ ರಿಪೇರಿ ಮಾಡುವ ಒಬ್ಬ ಚಾಚಾ ಇರುವರೆಂದೂ, ಅವರಲ್ಲಿಗೆ ಹೋಗಬೇಕೆಂದೂ ಹೇಳಿದಳು. ಒಬ್ಬಳೇ ಗ್ಯಾರೇಜಿಗೆ ಹೋಗುವುದೆಂದರೆ ನನಗೆ ಜೀವ ಹೋದಂತೆ. ಎರಡು ಸಲ ಅವರ ಅಂಗಡಿಯ ಮುಂದಿನಿಂದ ಸುಮ್ಮನೆ ಹಾದುಹೋದೆ. ಮೂರನೆಯ ಸಲ ಚಾಚಾ ತಾವೇ ರಸ್ತೆಗೆ ಬಂದು ಕೈ ಅಡ್ಡ ಹಿಡಿದರು.

“ಬೇಟಿ, ಗಾಡಿಗೆ ಬ್ರೇಕ್ ಇಲ್ಲೇನು?”

ನಾನು ಸಾಮಾನಿನ ಡಬ್ಬಿಗಳನ್ನು ಅವರ ಮುಂದೆ ಇಟ್ಟೆ. ಅವರು ದಾರ ಕಟ್ಟಿದ ಕನ್ನಡಕವನ್ನು ಏರಿಸಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದರು.

“ಇವೆಲ್ಲಾ ಚೊಲೊ ಅದಾವಲ್ಲ! ಜೀವಂತ ಇದ್ದವರನ್ನ ಯಾಕ ಮಣ್ಣು ಮಾಡೀರಿ?” ಎಂದರು. ಆಮೇಲೆ, “ಮಿಸ್ಸಿಂಗ್ ಯಾವಾಗ ಹೊಡೀತೈತಿ?”

“ಆಗಾಗ,” ಎಂದೆ.

“ಆಗಾಗ ಅನ್ನೋ ವಾರ ಯಾವ ಕ್ಯಾಲೆಂಡರಿನಾಗ ಐತಿ ಬೇಟಿ? ಬೆಳಿಗ್ಗೆಯೋ, ಮಧ್ಯಾಹ್ನವೋ? ಇಂಜಿನ್ ತಣ್ಣಗಿದ್ದಾಗೋ, ಕಾದಾಗೋ? ಬುಟ್ಟಿ ತುಂಬಿದಾಗೋ, ಖಾಲಿ ಇದ್ದಾಗೋ?”

ಇಷ್ಟು ದಿನ ಎಲ್ಲರೂ ಉತ್ತರವನ್ನೇ ಕೊಟ್ಟಿದ್ದರು. ಪ್ರಶ್ನೆ ಕೇಳಿದವರು ಇವರೊಬ್ಬರೇ.

ಚಾಚಾ ಇಂಜಿನ್ ಚಾಲು ಮಾಡಿಸಿ, ಮೂರು ಪ್ಲಗ್ಗುಗಳಿಗೆ ಹೋಗುವ ಮೂರು ವೈರುಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಹಾಕಿದರು. ಒಂದನ್ನು ಬಿಡಿಸಿದರೆ ಇಂಜಿನ್ ಕುಗ್ಗುತ್ತಿತ್ತು, ಹಾಕಿದರೆ ಏಳುತ್ತಿತ್ತು. “ಕೆಲಸ ಮಾಡೋ ಮನುಷ್ಯನ್ನ ತೆಗೆದ್ರ ಮನಿ ಕುಗ್ಗತೈತಿ. ತೆಗೆದರೂ ಏನೂ ಆಗಲಿಲ್ಲಂದ್ರ, ಆತ ಕುಂತು ಉಣ್ಣಾಂವ ಅಂತ ಅರ್ಥ. ಇವತ್ತು ಮೂವರೂ ಕೆಲಸ ಮಾಡಾಕತ್ಯಾರ. ಇವತ್ತು ರೋಗ ಇಲ್ಲ. ಇಲ್ಲದ ರೋಗಕ್ಕ ನಾ ಏನ ಬಿಚ್ಚಲಿ? ಎರಡು ವಾರ ಬರದಿಡ್ರಿ. ಕುಂಟಿದ ದಿನ, ಹೊತ್ತು, ಅವತ್ತು ಗಾಡಿಯಾಗ ಏನೇನಿತ್ತು, ಎಲ್ಲಾ. ಮತ್ತ ಅಲ್ಲಿ ಮಟ ಯಾರೂ ಏನೂ ಬದಲಿ ಮಾಡಬಾರದು.”

ಮನೆಗೆ ಬಂದಾಗ ಯಜಮಾನರು ಕಾದಿದ್ದರು. “ಹೊಸಾ ಮೆಕ್ಯಾನಿಕ್ ಏನ ಬದಲಿ ಮಾಡಿದ?”

“ಏನೂ ಇಲ್ರಿ.”

“ಏನ ಬಿಚ್ಚಿದ?”

“ಏನೂ ಇಲ್ರಿ.”

“ಏನ ರೋಗ ಅಂದ?”

“ಗೊತ್ತಿಲ್ಲ ಅಂದ್ರು.”

ಯಜಮಾನರು ಹಣೆ ಬಡಿದುಕೊಂಡರು. “ಇಷ್ಟು ಹೇಳಾಕ ಬಳ್ಳಾರಿ ಮಟ ಯಾಕ ಹೋಗಬೇಕಿತ್ತು? ನನ್ನ ತಮ್ಮನೂ ಹೇಳತಿದ್ದ!”

೫. ಚುಕ್ಕೆಗಳು

ನನಗೆ ಬರೆಯುವುದಕ್ಕಿಂತ ಚುಕ್ಕೆ ಇಡುವುದು ಸುಲಭ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಗಾಡಿ ಕುಂಟಿದ ದಿನದ ಮನೆಯಲ್ಲಿ ಕಾಡಿಗೆಯಿಂದ ಒಂದು ಚುಕ್ಕೆ ಇಟ್ಟೆ. ಬೆಳಿಗ್ಗೆಯಾದರೆ ಮೇಲೆ, ಮರಳುವಾಗಾದರೆ ಕೆಳಗೆ. ಎರಡು ವಾರ ಕಳೆಯಿತು. ಅಷ್ಟರಲ್ಲಿ ಅತ್ತೆಯವರು ಸೊರಗಿ ಕಡ್ಡಿಯಂತಾದರು. ಒಂದು ದಿನ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದರು. ಗಾಬರಿಯಾಗಿ ಕೇಳಿದೆ.

“ಏನ ಕೇಳ್ತೀಯವಾ? ಕ್ಯಾಲೆಂಡರಿನಾಗ ಉಪವಾಸದ ಚುಕ್ಕಿ ಇಟ್ಟೀಯಲ್ಲ. ಸೊಸಿ ಇಷ್ಟು ಭಕ್ತಿಲಿಂದ ಇಟ್ಟಾಳ, ನಾ ಹೆಂಗ ಉಣ್ಣಲಿ? ಯಾವ ದೇವರಿಗೆ ಅಂತಾದ್ರೂ ಹೇಳು, ಕೈ ಮುಗೀತೀನಿ.”

ಅವರಿಗೆ ಊಟ ಬಡಿಸಿ, ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು, ಆ ಶನಿವಾರ ಒಬ್ಬಳೇ ಚಾಚಾರ ಬಳಿಗೆ ಹೋದೆ. ಅವರು ಅದನ್ನು ಅಂಗಡಿಯ ಬೆಂಚಿನ ಮೇಲೆ ಹಾಸಿ, ಬೆರಳಿಟ್ಟು ನೋಡಿದರು. ನಾಲ್ಕು ಚುಕ್ಕೆಗಳಿದ್ದವು. ನಾಲ್ಕೂ ಕೆಳಗೆ. ಎರಡು ಸೋಮವಾರ, ಎರಡು ಗುರುವಾರ.

“ಶಾಭಾಸ್! ಗಾಡಿಗೆ ವಾರ ಗೊತ್ತಾಗತೈತಿ,” ಎಂದರು. “ಈಗ ಒಂದೊಂದನ್ನ ತೆಗೆಯೋಣ. ಸೋಮವಾರ ಗುರುವಾರ ಬ್ಯಾರೆ ರಸ್ತೆ?”

“ಇಲ್ಲ.”

“ಬ್ಯಾರೆ ಪೆಟ್ರೋಲ್?”

“ಇಲ್ಲ. ಭಾನುವಾರ ಹಾಕಿಸಿದ್ದೇ ವಾರ ಪೂರ್ತಿ.”

“ಭಾರ ಹೆಚ್ಚು?”

“ಬರುವಾಗ ಬುಟ್ಟಿ ಖಾಲಿ.”

“ಹಂಗಾದ್ರ ಆ ಎರಡು ದಿನ ಗಾಡಿಯಾಗ ಏನ ಹೊಸದು ಇರತೈತಿ?”

ಆಗ ನನಗೆ ಹೊಳೆಯಿತು. ಯಜಮಾನರ ಕಾಲಿನಲ್ಲಿ ಮಾಯದ ಒಂದು ಗಾಯವಿದೆ. ಅದಕ್ಕೆ ಪಟ್ಟಿ ಕಟ್ಟಿಸಲು ಸೋಮವಾರ ಮತ್ತು ಗುರುವಾರ ಅವರು ನನ್ನೊಡನೆ ಬಳ್ಳಾರಿಗೆ ಬರುತ್ತಾರೆ. ಅವರು ಗಾಡಿಯಲ್ಲಿರುವುದು ನನಗೆ ಸೀಟು ಇದ್ದಷ್ಟೇ ಸಹಜವಾಗಿದ್ದುದರಿಂದ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಹೇಳುವುದು ಹೇಗೆ? ಗಂಡನ ಹೆಸರನ್ನು ನಾನು ಮದುವೆಯ ದಿನ ಒಗಟು ಹಾಕಿ ಒಮ್ಮೆ ಹೇಳಿದವಳು. ಇಂದು ಮೆಕ್ಯಾನಿಕ್‌ನ ಮುಂದೆ, ಅದೂ ಕೆಟ್ಟ ಸಾಮಾನಿನ ಪಟ್ಟಿಯಲ್ಲಿ ಹೇಳಲೇ?

“ಅವರು,” ಎಂದೆ.

“ಯಾರು?”

“ಅವರು... ಮನ್ಯಾಗಿನವರು.”

ಚಾಚಾ ಕನ್ನಡಕ ತೆಗೆದು ಒರೆಸಿಕೊಂಡು, ನಿಟ್ಟುಸಿರು ಬಿಟ್ಟರು. “ಈ ಸಾಮಾನು ಯಾವ ಅಂಗಡ್ಯಾಗೂ ಹೊಸದು ಸಿಗಂಗಿಲ್ಲ ಬೇಟಿ.”

೬. ಸಾಮಾನನ್ನು ಬದಲಿಸಿ ಕೂರಿಸಿದ್ದು

ಆದರೂ ಚಾಚಾ ತಮ್ಮ ಕ್ರಮವನ್ನು ಬಿಡಲಿಲ್ಲ. “ಅನುಮಾನ ಇದ್ದ ಸಾಮಾನು ತೆಗೆದು ಬ್ಯಾರೆ ಕಡೆ ಹಾಕಿ ನೋಡಬೇಕು. ರೋಗ ಸಾಮಾನಿನ ಬೆನ್ನು ಹತ್ತಿ ಹೋಗತೈತೋ, ನೋಡ್ರಿ. ಒಮ್ಮಿಗೆ ಒಂದು ಬದಲಾವಣಿ ಮಾತ್ರ,” ಎಂದರು.

ಸೋಮವಾರ ಬೆಳಿಗ್ಗೆ ಮುಂದಿನ ಸೀಟಿನ ಮೇಲೆ ರೊಟ್ಟಿಯ ಬುಟ್ಟಿಗಳನ್ನು ಕಟ್ಟಿ, ಯಜಮಾನರಿಗೆ ಹಿಂದಿನ ಸೀಟು ತೋರಿಸಿದೆ.

“ಇಪ್ಪತ್ತು ವರ್ಷ ಮುಂದ ಕುಂತಾಂವ ನಾ! ರೊಟ್ಟಿ ಮುಂದ, ಗಂಡ ಹಿಂದ?”

“ಬುಟ್ಟಿ ಹಿಂದ ಇಟ್ರ ರೊಟ್ಟಿ ಮುರೀತಾವ್ರಿ.”

“ನಾ ಮುರದ್ರ?”

ಅಂದು ಹೋಗುವಾಗಲೂ ಬರುವಾಗಲೂ ಮೂರು ಒನಕೆಗಳು ಒಂದೇ ತಾಳದಲ್ಲಿ ಬಿದ್ದವು. ಯಜಮಾನರು ಮಾತ್ರ ಬಳ್ಳಾರಿಯಿಂದ ಕುರುಗೋಡಿನ ತನಕ ಏನನ್ನೋ ಕಳೆದುಕೊಂಡವರಂತೆ ಮುಂದಿನ ಸೀಟನ್ನೇ ನೋಡುತ್ತಿದ್ದರು. ಅವಮಾನವಾಗಿರಬೇಕೆಂದು ನನಗೆ ಮರುಕವಾಯಿತು.

ಅತ್ತೆಯವರಿಗೆ ಹೇಗೋ ಸುದ್ದಿ ಮುಟ್ಟಿತು. ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನವಾ, ನನ್ನ ಮಗ ಕುಂತ್ರ ಗಾಡಿ ಕುಂಟತೈತಂತ? ಐವತ್ತೈದು ವರ್ಷ ಆತು, ಅವನ ಮ್ಯಾಲೆ ಇಂಥಾ ಮಾತು ಯಾರೂ ಅಂದಿದ್ದಿಲ್ಲ. ಒಂದ ಕೆಲಸ ಮಾಡು, ನನ್ನ ಮಗನ್ನ ಬಿಚ್ಚಿ ತೊಳಸು!”

೭. ಸೀಟಿನ ಕೆಳಗೆ

ಗುರುವಾರ ಬಂದಿತು. ಹುಣ್ಣಿಮೆಗೆ ಎರಡೇ ದಿನ. ಯಜಮಾನರನ್ನು ಮತ್ತೆ ಮುಂದಿನ ಸೀಟಿನಲ್ಲಿ ಕೂರಿಸಿದೆ. ಪಟ್ಟಿ ಕಟ್ಟಿಸಿಕೊಂಡು ಬಂದರು, ನಾನು ಖಾನಾವಳಿಯೊಳಗೆ ಹೋಗಿ ಖಾಲಿ ಬುಟ್ಟಿಗಳನ್ನು ತಂದೆ, ಹೊರಟೆವು. ಒಂದು ಮೈಲಿ ಹೋಗುವಷ್ಟರಲ್ಲಿ ಒಂದು ಒನಕೆ ತಪ್ಪಿತು. ನಾನು ಕುರುಗೋಡಿನ ರಸ್ತೆಯನ್ನು ಬಿಟ್ಟು ಗಾಡಿಯನ್ನು ಕೌಲ್ ಬಜಾರಿನ ಕಡೆಗೆ ತಿರುಗಿಸಿದೆ.

“ಏ, ಎಲ್ಲಿಗೆ?”

“ಚಾಚಾರ ಹತ್ರ.”

“ಇವತ್ತು ಬ್ಯಾಡ! ನಾಳಿ ಹೋಗೋಣ. ಮದ್ಲ ಒಂದು ಮರದ ಕೆಳಗ ನಿಲ್ಸು. ನೀ ನೀರು ಕುಡದು ಬಾ, ನಾ ಸೀಟು ಎತ್ತಿ ನೋಡ್ತೀನಿ.”

ನನ್ನ ಬಾಳಿನಲ್ಲಿ ಮೊದಲ ಸಲ ಅವರ ಮಾತು ಕೇಳಿಸದವಳಂತೆ ಓಡಿಸಿದೆ.

ಚಾಚಾ ಸದ್ದು ಕೇಳಿಯೇ ಎದ್ದು ಬಂದರು. “ಇಂಜಿನ್ ಬಂದ್ ಮಾಡಬ್ಯಾಡ್ರಿ. ಸಾಹೇಬ್ರ, ಒಂದು ಸ್ವಲ್ಪ ಇಳೀರಿ.”

“ಕಾಲು ನೋವು ಐತಿ. ಇಳಿಯಾಕ ಆಗಂಗಿಲ್ಲ,” ಎಂದರು ಯಜಮಾನರು, ಸೀಟನ್ನು ಎರಡೂ ಕೈಗಳಿಂದ ಹಿಡಿದುಕೊಂಡು.

“ಇಂಜಿನ್ ನಿಮ್ಮ ಕೆಳಗ ಐತ್ರಿ.”

“ಹಂಗಾದ್ರ ಹಿಂದಿನಿಂದ ನೋಡು.”

“ಹಿಂದಿನಿಂದ ನೋಡಿದ್ರ ರೊಟ್ಟಿ ಬುಟ್ಟಿ ಕಾಣತಾವ್ರಿ.”

ಕೊನೆಗೆ ಚಾಚಾ ಮತ್ತು ಪಕ್ಕದ ಪಂಕ್ಚರ್ ಅಂಗಡಿಯವರು ಇಬ್ಬರೂ ಸೇರಿ ಅವರನ್ನು ಮದುಮಗನಂತೆ ಎತ್ತಿ ಬೆಂಚಿನ ಮೇಲೆ ಕೂರಿಸಿದರು. ಚಾಚಾ ಸೀಟು ಎತ್ತಿದರು. ಆದರೆ ಥಟ್ಟನೆ ಯಾವುದನ್ನೂ ಮುಟ್ಟಲಿಲ್ಲ. ಮೊದಲನೆಯ ವೈರು ಬಿಡಿಸಿದರು, ಇಂಜಿನ್ ಕುಗ್ಗಿತು. ಮೂರನೆಯದು ಬಿಡಿಸಿದರು, ಕುಗ್ಗಿತು. ನಡುವಿನದನ್ನು ಬಿಡಿಸಿದರು, ಏನೂ ಆಗಲಿಲ್ಲ. “ಕುಂತು ಉಣ್ಣಾಂವ ಇವನ,” ಎಂದರು. ನಡುವಿನ ಪ್ಲಗ್ಗನ್ನು ಮೊದಲನೆಯದರ ಜಾಗಕ್ಕೆ ಹಾಕಿ ನೋಡಿದರು. ರೋಗ ನಡುವೆಯೇ ಉಳಿಯಿತು. ಪ್ಲಗ್ಗಿನ ತಪ್ಪಿಲ್ಲ. ನಡುವಿನ ವೈರನ್ನು ತೆಗೆದು ಬೇರೊಂದು ವೈರು ಹಾಕಿದರು, ಇಂಜಿನ್ ನೆಟ್ಟಗಾಯಿತು. ಆಮೇಲೆ ಆ ವೈರನ್ನು ಬೆಳಕಿಗೆ ಹಿಡಿದರು. ಅದರ ತುದಿಯ ರಬ್ಬರಿನ ಟೊಪ್ಪಿಗೆಗೆ ಅಂಟು ಅಂಟಾಗಿ ಹೊಂಬಣ್ಣದ್ದೇನೋ ಮೆತ್ತಿತ್ತು. ವೈರಿನ ಮೇಲೆ ಸಾಲಾಗಿ ಇರುವೆಗಳು.

“ನಲವತ್ತು ವರ್ಷದಾಗ ಪೆಟ್ರೋಲ್ ಕುಡಿಯೋ ಇರುವಿ ನಾ ನೋಡಿಲ್ಲ,” ಎಂದು ಚಾಚಾ ಇರುವೆಗಳ ಸಾಲನ್ನು ಹಿಡಿದು ಹಿಂದೆ ಹಿಂದೆ ಹೋದರು. ಸಾಲು ಇಂಜಿನ್ನಿನ ಪಕ್ಕದ ಸಂದಿಯಲ್ಲಿ ಮುಗಿಯಿತು. ಅಲ್ಲಿಂದ ಅವರು ಎರಡು ಬೆರಳಿನಲ್ಲಿ ಒಂದು ಕಾಗದದ ಪೊಟ್ಟಣವನ್ನು ಎತ್ತಿದರು.

ಜಿಲೇಬಿ. ಬಿಸಿ ಬಿಸಿ. ಪಾಕ ಸೋರುತ್ತಿತ್ತು.

ಯಜಮಾನರು ಆಕಾಶವನ್ನು ನೋಡತೊಡಗಿದರು.

ನಾನು ಖಾನಾವಳಿಯೊಳಗೆ ಹೋಗಿದ್ದಾಗ ಎದುರಿನ ಅಂಗಡಿಯಿಂದ ತಂದು, ಇಂಜಿನ್ನಿನ ಕಾವಿಗೆ ಬೆಚ್ಚಗಿರಲೆಂದು ಅಲ್ಲಿಡುತ್ತಿದ್ದರಂತೆ. ಮನೆಯ ಮುಂದೆ ನಾನು ಬುಟ್ಟಿ ಇಳಿಸುವಾಗ, ಕಾಲು ನೋವೆಂದು ಗಾಡಿಯಲ್ಲೇ ಉಳಿದು ತಿಂದು ಮುಗಿಸುತ್ತಿದ್ದರಂತೆ. ಹಸಿ ಪಾಕ ವೈರಿನ ಮೇಲೆ ಇಳಿದಾಗ ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಪಾಕದ ಮೇಲಿಂದ ಹರಿದು ಇಂಜಿನ್ನಿನ ಕಬ್ಬಿಣಕ್ಕೆ ಹೋಗುತ್ತಿತ್ತು. ಒಣಗಿದ ಮೇಲೆ ಸುಮ್ಮನಾಗುತ್ತಿತ್ತು. ಮೆಕ್ಯಾನಿಕ್ ಪ್ರತಿ ಸಲ ಸಾಮಾನು ಬದಲಿಸಿ, ಬಟ್ಟೆಯಿಂದ ಎಲ್ಲವನ್ನೂ ಒರೆಸುತ್ತಿದ್ದನಲ್ಲ, ಗಾಡಿಯನ್ನು ವಾಸಿ ಮಾಡಿದ್ದು ಆ ಬಟ್ಟೆ. ಹೆಸರು ಬಂದಿದ್ದು ಸಾಮಾನಿಗೆ. ಇಷ್ಟರಲ್ಲಿ ಬಳ್ಳಾರಿಯ ಡಾಕ್ಟರು ಕೂಡ, ಸಕ್ಕರೆ ಏಕೆ ಇಳಿಯುತ್ತಿಲ್ಲವೆಂದು ತಿಳಿಯದೆ ಮೂರು ಸಲ ಮಾತ್ರೆ ಬದಲಿಸಿದ್ದರು. ಅವರಿಗೂ ಯಾರೂ ಕ್ಯಾಲೆಂಡರ್ ತೋರಿಸಿರಲಿಲ್ಲ.

“ನಿಮ್ಮ ಗಾಡಿ ರೋಗ ನಿಮಗ ಗೊತ್ತಿದ್ದಿಲ್ಲೇನ್ರಿ?” ಎಂದು ನಾನು ಕೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

“ದೇವರಾಣಿ ಗೊತ್ತಿದ್ದಿಲ್ಲ. ನಾ ಪೆಟ್ರೋಲ್ ಅಂತಾನ ತಿಳಿದಿದ್ದೆ,” ಎಂದರು. ಅದು ನಿಜವೇ. ಪೊಟ್ಟಣದ ಮೇಲೆ ಕುಳಿತುಕೊಂಡೇ ಅವರು ಬಂಕಿನವರನ್ನು ಬೈದಿದ್ದರು.

ಚಾಚಾ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, ಕೈ ತೊಳೆದುಕೊಳ್ಳುತ್ತ ಹೇಳಿದರು: “ಗಾಡಿಗೆ ಒಂದು ವೈರು ಬದಲಿಸೀನಿ. ಸಕ್ರಿ ಮಾತ್ರೆ ಮಾತ್ರ ಗಾಡಿಗೂ ಸಾಹೇಬ್ರಿಗೂ ಇಬ್ಬರಿಗೂ ಬರೆಸಿಕೊಳ್ರಿ.”

೮. ಹುಣ್ಣಿಮೆಯ ದಿನ

ಶನಿವಾರ ಬೆಳಿಗ್ಗೆ ಮೈದುನ ತೌಡಿನ ವ್ಯಾಪಾರಿಯನ್ನು ಕರೆದುಕೊಂಡು ಬಂದೇಬಿಟ್ಟ. ಗಾಡಿ ನೆಟ್ಟಗಾಗಿದೆ, ಇನ್ನು ಮಾರುವ ಮಾತೇ ಇಲ್ಲವೆಂದು ನಾನು ನೆಮ್ಮದಿಯಿಂದಿದ್ದೆ. ವ್ಯಾಪಾರಿ ಇಂಜಿನ್ ಚಾಲು ಮಾಡಿಸಿ ಕೇಳಿದರು. ಅವರ ಮುಖ ಅರಳಿತು.

“ಏನ ಓಟ ಐತ್ರಿ! ರೋಗ ಐತಿ ಅಂದಿದ್ರಲ್ಲ? ನನಗ ಈ ಗಾಡೀನ ಬೇಕು. ಕೇಳಿದಷ್ಟು ಕೊಡ್ತೀನಿ.”

ಮೈದುನ ಕುಣಿದಾಡಿದ. “ಅಣ್ಣಾ, ಇಂಥಾ ಗಿರಾಕಿ ಮತ್ತ ಸಿಗಂಗಿಲ್ಲ. ಕೊಟ್ಟುಬಿಡ್ರಿ!” ಕೆಟ್ಟಾಗ ಕೆಟ್ಟಿದೆಯೆಂದು ಮಾರಬೇಕು, ನೆಟ್ಟಗಾದಾಗ ನೆಟ್ಟಗಿದೆಯೆಂದು ಮಾರಬೇಕು! ಯಜಮಾನರು ತಮ್ಮನ ಮುಖವನ್ನೂ ವ್ಯಾಪಾರಿಯ ಮುಖವನ್ನೂ ನೋಡಿ, ಮೀಸೆ ತಿರುವಿ, “ಆಗಲಿ” ಎನ್ನಲು ಬಾಯಿ ತೆರೆದರು. ನಮ್ಮ ಜೊತೆ ರೊಟ್ಟಿ ಬಡಿಯುವ ನಾಲ್ವರು ಹೆಂಗಸರೂ ಹಿಟ್ಟಿನ ಕೈಗಳಲ್ಲಿ ಬಾಗಿಲಿಗೆ ಬಂದು ನಿಂತಿದ್ದರು.

ಆಗ ವ್ಯಾಪಾರಿ ಒಂದು ಪ್ರಶ್ನೆ ಕೇಳಿದರು. “ಅಲ್ರಿ, ಮೊದಲು ಏನ ರೋಗ ಇತ್ತು? ನಾಳೆ ಮತ್ತ ಬಂದ್ರ ನನಗ ಗೊತ್ತಿರಬೇಕಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಕಟ್ಟೆಯ ಮೇಲೆ ಅತ್ತೆಯವರು ಕುಳಿತಿದ್ದರು. ಎರಡು ವರ್ಷಗಳಿಂದ ದಿನಾಲೂ ಬೆಳಿಗ್ಗೆ ಹಾಗಲಕಾಯಿಯ ರಸ ಹಿಂಡಿ, ಮಗನ ಮೂಗು ಹಿಡಿದು ಕುಡಿಸುವವರು. ನಾನು ತಲೆ ಎತ್ತಿದೆ. ಸ್ಟೀರಿಂಗ್ ಹಿಡಿಯದೆಯೇ ಎತ್ತಿದೆ.

“ಹೇಳಲೇನ್ರಿ?” ಎಂದು ಯಜಮಾನರನ್ನು ಕೇಳಿದೆ. “ಅತ್ತೆಯವರೂ ಇಲ್ಲೇ ಅದಾರ. ಮೊದಲಿಂದ ಹೇಳ್ತೀನಿ.”

ಯಜಮಾನರು ಜೋಮು ಹಿಡಿದ ಕಾಲಿನಲ್ಲಿಯೇ ಎದ್ದು ನಿಂತರು.

“ಗಾಡಿ ಮಾರಂಗಿಲ್ಲ!”

“ಅಣ್ಣಾ?”

“ಮಾರಂಗಿಲ್ಲ ಅಂದ್ರ ಮಾರಂಗಿಲ್ಲಲೇ! ಐದು ಮನಿ ಹೆಣ್ಣುಮಕ್ಕಳ ಅನ್ನದ ಪ್ರಶ್ನಿ ಐತಿ. ನಿನಗ ತಿಳುವಳಿಕಿ ಐತೇನು? ನಮಸ್ಕಾರ್ರಿ ವ್ಯಾಪಾರಿಗಳ, ಚಾ ಕುಡದು ಹೋಗ್ರಿ.”

ಬಾಗಿಲಲ್ಲಿದ್ದ ಹೆಂಗಸರು ಹಿಟ್ಟಿನ ಕೈಗಳಿಂದಲೇ ಚಪ್ಪಾಳೆ ತಟ್ಟಿದರು. ಅತ್ತೆಯವರ ಕಣ್ಣುಗಳು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಳ್ಳುತ್ತ ವ್ಯಾಪಾರಿಯನ್ನು ಹತ್ತಿರ ಕರೆದರು.

“ನೋಡಿದ್ರೇನ್ರಿ ನನ್ನ ಮಗನ್ನ? ಮನಸು ಅಂದ್ರ ಕಲ್ಲು. ಒಂದು ಸಲ ಬ್ಯಾಡ ಅಂದ್ರ ಬ್ಯಾಡ. ಸಕ್ರಿ ರೋಗ ಬಂದು ಎರಡು ವರ್ಷ ಆತ್ರಿ, ಇವತ್ತಿನ ಮಟ ಒಂದು ಹರಳು ಸಕ್ರಿ ಮುಟ್ಟಿಲ್ಲ! ಸಿಹಿ ಅಂದ್ರ ಮುಖ ತಿರುವತಾನ!”

ಯಜಮಾನರು ಮುಖ ತಿರುವಿದರು. ಅದು ಮಾತ್ರ ನಿಜ. ನನಗೆ ಹೊಟ್ಟೆಯೊಳಗಿನಿಂದ ನಗು ಉಕ್ಕಿ ಬಂದಿತು. ಹಿರಿಯರ ಮುಂದೆ ನಗುವುದು ಹೇಗೆಂದು ಓಡಿಹೋಗಿ ಗಾಡಿಯೊಳಗೆ ಕುಳಿತು, ಬಾಗಿಲು ಹಾಕಿ, ಇಂಜಿನ್ನಿನ ಸದ್ದಿನಲ್ಲಿ ನನ್ನ ನಗು ಮುಚ್ಚಿಹೋಗಲೆಂದು ಚಾಲು ಮಾಡಿದೆ. ಆದರೆ ಇಂಜಿನ್ ಈಗ ಎಷ್ಟು ಮೆತ್ತಗೆ, ಎಷ್ಟು ಮೃದುವಾಗಿ ಓಡುತ್ತಿತ್ತೆಂದರೆ, ನನ್ನ ನಗು ಓಣಿಗೆಲ್ಲ ಕೇಳಿಸಿತು.

ಇಷ್ಟೇ ನಾನು ಬರೆದಿರುವುದು. ಇದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಮನ್ನಿಸಬೇಕು.